ಐಸ್ ಏಕೆ ತೇಲುತ್ತದೆ? ಅಲ್ ಬಿರೂನಿಯವರ ಪ್ರಶ್ನೆ



ಕಳೆದ ರಂಜಾನ್‌ನಲ್ಲಿ ಇಫ್ತಾರ್‌ಗೆಂದು ಇಂಡಿ ಪಂಪ್ ಹತ್ತಿರದಿಂದ ಐಸ್ ತಂದು ಕುಡಿಯುವ ನೀರಿನ ಪಾತ್ರೆಗೆ ಹಾಕಿದೆ. ನೀರು ಅಂಚಿನವರೆಗೆ ಬಂದು ನಿಂತಿತು. ಐಸ್ ಕರಗಿದರೆ ನೀರೆಲ್ಲ ದಸ್ತರ್‌ಖ್ವಾನ್ ಮೇಲೆ ಚೆಲ್ಲುತ್ತದೆ ಎಂದು ಅಮ್ಮಿ ಗದರಿದರು. ಐಸ್ ಪೂರ್ತಿ ಕರಗಿತು. ಒಂದು ಹನಿಯೂ ಚೆಲ್ಲಲಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಸೈನ್ಸ್ ಓದುವ ಗೆಳೆಯನನ್ನು ಕೇಳಿದೆ. ಅವನು ಹೇಳಿದ್ದು ನನಗೆ ಲೆಕ್ಕಪತ್ರದಂತೆ ಕಂಡಿತು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 100 ಗ್ರಾಂ ಐಸ್ 100 ಗ್ರಾಂ ನೀರಿನ ಜಾಗ ಹಿಡಿದಿರುತ್ತದೆ. ಕರಗಿದ ಮೇಲೆ ಅದು 100 ಗ್ರಾಂ ನೀರಾಗಿ ಅದೇ ಜಾಗವನ್ನು ತುಂಬುತ್ತದೆ. ಜಮಾ ಖರ್ಚು ಸರಿಹೋಯಿತು! ಆದರೆ ಐಸ್ ಮೊದಲಿಗೆ ತೇಲುವುದೇಕೆ? ಈ ಪ್ರಶ್ನೆಯನ್ನು ಸಾವಿರ ವರ್ಷಗಳ ಹಿಂದೆಯೇ ಕೇಳಿದ ಮಹನೀಯರೊಬ್ಬರಿದ್ದರು. ಅವರೇ ಅಬೂ ರೈಹಾನ್ ಅಲ್ ಬಿರೂನಿ.

ಬಿರೂನಿ 973ರಲ್ಲಿ ಖ್ವಾರಿಜ್ಮ್ ಪ್ರಾಂತ್ಯದಲ್ಲಿ ಹುಟ್ಟಿದರು. ಅದು ಈಗ ಉಜ್ಬೇಕಿಸ್ತಾನದಲ್ಲಿದೆ. ಚಿಕ್ಕ ವಯಸ್ಸಿನಲ್ಲೇ ಗಣಿತ ಮತ್ತು ಖಗೋಳ ವಿಜ್ಞಾನ ಕಲಿತರು. ರಾಜರ ಜಗಳದಿಂದಾಗಿ ಊರು ಬಿಟ್ಟು ಓಡಬೇಕಾಯಿತು. ಕಷ್ಟದಲ್ಲೂ ಓದು ಬಿಡಲಿಲ್ಲ.

ತರುಣರಾಗಿದ್ದಾಗ ಅವರು ಇಬ್ನ್ ಸೀನಾ ಅವರಿಗೆ 18 ಪ್ರಶ್ನೆಗಳನ್ನು ಬರೆದು ಕಳಿಸಿದರು. ಆಗ ಇಬ್ನ್ ಸೀನಾ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ ಎನ್ನುತ್ತಾರೆ, ಅಂದರೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು! ಹಲವು ಪ್ರಶ್ನೆಗಳು ಅರಿಸ್ಟಾಟಲ್‌ನ ಮಾತುಗಳ ಮೇಲಿದ್ದವು. ಅಷ್ಟು ದೊಡ್ಡವರನ್ನು ಪ್ರಶ್ನಿಸಲು ಆ ಕಾಲದಲ್ಲಿ ಧೈರ್ಯ ಬೇಕಿತ್ತು. ಒಂದು ಪ್ರಶ್ನೆ ಐಸ್ ಬಗ್ಗೆ. ತಣ್ಣಗೂ ಗಟ್ಟಿಯೂ ಆದದ್ದು ಮಣ್ಣಿನ ಗುಣಕ್ಕೆ ಹತ್ತಿರವಾದರೆ, ಐಸ್ ಮುಳುಗಬೇಕಿತ್ತಲ್ಲ, ತೇಲುವುದೇಕೆ? ಹೆಪ್ಪುಗಟ್ಟುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ ಎಂಬುದು ಇಬ್ನ್ ಸೀನಾ ಅವರ ಉತ್ತರ. ಗಾಳಿಯಿಲ್ಲದ ಐಸ್ ಕೂಡ ತೇಲುತ್ತದೆ ಎಂದು ಇಂದು ನಮಗೆ ಗೊತ್ತು. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ದೂರ ದೂರ ನಿಂತು ಗಾತ್ರ ಸುಮಾರು 9 ಶೇಕಡಾ ಹಿಗ್ಗುತ್ತದೆ. ಅದಕ್ಕೇ ಐಸ್ ಹಗುರ. ಉತ್ತರ ಪೂರ್ತಿ ಸರಿಯಿರಲಿಲ್ಲ, ಆದರೆ ಪ್ರಶ್ನೆ ಸರಿಯಾಗಿತ್ತು.

ಮುಂದೆ ಬಿರೂನಿ ಅಳತೆಗೆ ಇಳಿದರು. ಕಿರಿದಾದ ಕುತ್ತಿಗೆಯ, ಪಕ್ಕದಲ್ಲಿ ನಳಿಕೆಯಿರುವ ಒಂದು ಪಾತ್ರೆ ಮಾಡಿದರು. ಅದರಲ್ಲಿ ನೀರು ತುಂಬಿ ಚಿನ್ನ, ತಾಮ್ರ, ಸೀಸ, ರತ್ನಗಳನ್ನು ಒಂದೊಂದಾಗಿ ಹಾಕಿ, ನಳಿಕೆಯಿಂದ ಹೊರಬಂದ ನೀರನ್ನು ತೂಗಿದರು. ಒಂದೇ ತೂಕದ ಲೋಹಗಳು ಬೇರೆ ಬೇರೆ ಪ್ರಮಾಣದ ನೀರನ್ನು ಹೊರಹಾಕುತ್ತಿದ್ದವು. ಅವರ ಲೆಕ್ಕಗಳು ಇಂದಿನ ಅಳತೆಗೆ ಬಹಳ ಹತ್ತಿರ ಇವೆ. ತಣ್ಣೀರಿಗೂ ಬಿಸಿನೀರಿಗೂ ತೂಕದಲ್ಲಿ ವ್ಯತ್ಯಾಸವಿದೆ ಎಂಬುದನ್ನೂ ಅವರು ಗಮನಿಸಿದರು.

1017ರಲ್ಲಿ ಮಹಮೂದ್ ಘಜ್ನವಿ ಖ್ವಾರಿಜ್ಮ್ ಗೆದ್ದಾಗ ಬಿರೂನಿಯವರನ್ನು ಘಜ್ನಿಗೆ ಕರೆದೊಯ್ಯಲಾಯಿತು. ನಂತರ ಅವರು ಭಾರತದ ಭಾಗಗಳಿಗೆ ಬಂದರು. ವಯಸ್ಸು ನಲವತ್ತು ದಾಟಿದ್ದರೂ ಸಂಸ್ಕೃತ ಕಲಿತು, 1030ರ ಹೊತ್ತಿಗೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದರು. ಅದರಲ್ಲಿ ಭಾರತದ ಲಿಪಿಗಳ ಪಟ್ಟಿಯಿದೆ. ಕರ್ನಾಟ ದೇಶದ ಕರ್ನಾಟ ಲಿಪಿ ಎಂದು ನಮ್ಮ ಕನ್ನಡ ಲಿಪಿಯ ಹೆಸರೂ ಅಲ್ಲಿದೆ! ಮನೆಯಲ್ಲಿ ಉರ್ದು ಮಾತಾಡಿ ಕಾಲೇಜಿನಲ್ಲಿ ಕನ್ನಡ ಬರೆಯುವ ನನಗೆ ಇದನ್ನು ಓದಿ ಬಹಳ ಸಂತೋಷವಾಯಿತು.

ಬಿರೂನಿ ಸುಮಾರು 1050ರಲ್ಲಿ ಘಜ್ನಿಯಲ್ಲಿ ತೀರಿಕೊಂಡರು. ಅವರ ಕೊನೆಯ ಗಳಿಗೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ನೋಡಲು ಬಂದ ಸ್ನೇಹಿತರೊಬ್ಬರನ್ನು ಅವರು ಆಸ್ತಿ ಹಂಚಿಕೆಯ ಒಂದು ಲೆಕ್ಕದ ಬಗ್ಗೆ ಕೇಳಿದರಂತೆ. ಈ ಸ್ಥಿತಿಯಲ್ಲಿ ಅದೇಕೆ ಎಂದರೆ, ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೇ ಎಂದರಂತೆ. ಸ್ನೇಹಿತರು ವಿವರಿಸಿ ಹೊರಬಂದು ಬೀದಿಗೆ ಇಳಿಯುವಷ್ಟರಲ್ಲಿ ಮನೆಯೊಳಗಿಂದ ಅಳು ಕೇಳಿಸಿತಂತೆ.

ಕ್ಲಾಸಿನಲ್ಲಿ ಅರ್ಥವಾಗದಿದ್ದರೂ ನಾನು ಎಷ್ಟೋ ಸಲ ಕೈ ಎತ್ತಿಲ್ಲ. ನಗುತ್ತಾರೆಂಬ ಭಯ. ಈ ವರ್ಷ ಎತ್ತಬೇಕೆಂದಿದ್ದೇನೆ. ನೀವೂ ಎತ್ತಿ. ಮತ್ತೆ ಐಸ್ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಿ, ಸಾದಾ ನೀರಿನಲ್ಲಿ ಮಾತ್ರ. ಶರಬತ್ತಿನಲ್ಲಿ ಮಾಡಿದರೆ ಸಕ್ಕರೆಯಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಏಕೆ ಎಂದು ನಿಮ್ಮ ಸೈನ್ಸ್ ಗೆಳೆಯರನ್ನು ಕೇಳಿ.