ಅಂಧಯೋಧರ ಗುರು ಸರ್ ಆರ್ಥರ್ ಪಿಯರ್ಸನ್

ಸರ್ ಆರ್ಥರ್ ಪಿಯರ್ಸನ್ನರು 1866ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗನಾಗಿ ಜನಿಸಿ, 1900ರಲ್ಲಿ ‘ಡೈಲಿ ಎಕ್ಸ್‌ಪ್ರೆಸ್’ ಎಂಬ ವರ್ತಮಾನಪತ್ರವನ್ನು ಸ್ಥಾಪಿಸಿದರು. ಅವರ ಪತ್ರಿಕಾ ವೈಭವವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ನಡುವಯಸ್ಸಿನಲ್ಲಿ ಗ್ಲಾಕೋಮಾ ಎಂಬ ನೇತ್ರರೋಗವು ಅವರ ದೃಷ್ಟಿಯನ್ನು ಅಪಹರಿಸಿತು. ಅಚ್ಚಿನ ಅಕ್ಷರಗಳಿಂದಲೇ ಬಾಳಿದವರು ಒಂದಕ್ಷರವನ್ನೂ ಓದಲಾರದವರಾದರು.

1915ರಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅವರು ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಶಾಲೆಯನ್ನು ತೆರೆದರು. ಆಸ್ಪತ್ರೆಯಲ್ಲಿ ಮಲಗಿದ್ದ ಯೋಧನ ಬಳಿಗೆ ತಾವೇ ಹೋಗಿ, ಅವನ ಕೈಯಲ್ಲಿ ಗಡಿಯಾರವೊಂದನ್ನು ಇಡುತ್ತಿದ್ದರು. ಮುಚ್ಚಳವನ್ನು ತೆರೆದು ಮುಳ್ಳುಗಳನ್ನೂ ಉಬ್ಬಿದ ಚುಕ್ಕೆಗಳನ್ನೂ ಬೆರಳಿನಿಂದ ಮುಟ್ಟಿದರೆ ವೇಳೆಯು ತಿಳಿಯುತ್ತಿತ್ತು. ಇನ್ನು ಎಲ್ಲಕ್ಕೂ ಪರರನ್ನೇ ಕೇಳಬೇಕಲ್ಲಾ ಎಂದು ಕುಗ್ಗಿದ್ದವನಿಗೆ ಇದು ಅಲ್ಪವಾದ ಕೊಡುಗೆಯೆ?

ಶಾಲೆಯಲ್ಲಿ ಬ್ರೈಲ್ ಲಿಪಿ, ಬೆರಳಚ್ಚು, ಅಂಗಮರ್ದನ, ಬುಟ್ಟಿ ಹೆಣೆಯುವುದು, ಪಾದರಕ್ಷೆಗಳ ದುರಸ್ತಿ ಮೊದಲಾದುವನ್ನು ಕಲಿಸುತ್ತಿದ್ದರು. ಕೋಳಿ ಸಾಕಣೆ ಕಲಿತವರು ಮುಟ್ಟಿ ನೋಡಿಯೇ ಕೋಳಿಯ ತಳಿಯನ್ನು ಹೇಳುತ್ತಿದ್ದರಂತೆ! ಬೋಧಕರಲ್ಲಿ ಅನೇಕರು ಸ್ವತಃ ಅಂಧರಾಗಿದ್ದುದರಿಂದ ಶಿಷ್ಯರು ನೆಪ ಹೇಳುವಂತಿರಲಿಲ್ಲ. ಕನಿಕರದ ಮಾತುಗಳನ್ನು ಪಿಯರ್ಸನ್ನರು ಸಹಿಸುತ್ತಿರಲಿಲ್ಲ. ಗಾಯ ಇನ್ನೂ ಮಾಯದವರಿಗೆ ಈ ಉಲ್ಲಾಸದ ಕಟ್ಟುನಿಟ್ಟು ಕೆಲವು ವೇಳೆ ಕಠಿಣವಾಗಿ ತೋರಿರಬಹುದೆಂದು ನಾವು ಎಣಿಸುತ್ತೇವೆ. ಆದರೆ ಹೇಳುವವರೂ ಕತ್ತಲಲ್ಲಿಯೇ ಇದ್ದರಷ್ಟೆ.

1921ನೆಯ ಡಿಸೆಂಬರ್ 9ರಂದು ಅವರು ಸ್ನಾನದ ತೊಟ್ಟಿಯಲ್ಲಿ ಜಾರಿ, ತಲೆಗೆ ಪೆಟ್ಟುಬಿದ್ದು, ನೀರಿನಲ್ಲಿ ಮುಳುಗಿ ಮೃತರಾದರು. ಅವರ ಶಿಷ್ಯರಲ್ಲಿ ಕ್ಲೂತಾ ಮೆಕೆಂಜಿ ಎಂಬವರು 1915ರಲ್ಲಿ ಗಲಿಪೊಲಿಯ ಕಾಳಗದಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಯೋಧರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವರು ನಮ್ಮ ದೇಶಕ್ಕೆ ಬಂದು, ದೆಹರಾದೂನಿನಲ್ಲಿ ಅಂಧರಾದ ಭಾರತೀಯ ಸಿಪಾಯಿಗಳಿಗಾಗಿ ಅಂಥದೇ ಶಾಲೆಯೊಂದನ್ನು ನಡೆಸಿದರು.