ಕಲ್ಲಿನ ನಾರು ನೂತ ನೆಲ್ಲಿ ಕೆರ್ಶಾ

ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯ ಮನೆಗಳ ಚಾವಣಿಗಳನ್ನು ಗಮನಿಸಿದ್ದೀರಾ? ಹೆಂಚು, ತಾರಸಿ, ತಗಡುಗಳ ನಡುವೆ ಬೂದು ಬಣ್ಣದ, ಅಲೆ ಅಲೆಯಾದ ಶೀಟುಗಳು ಕಾಣುತ್ತವೆ. ದನದ ಕೊಟ್ಟಿಗೆಗೂ ಅದೇ, ಹುಳು ಸಾಕುವ ಮನೆಗೂ ಅದೇ. ಸಿಮೆಂಟ್ ಶೀಟು ಎಂದು ನಾವು ಕರೆದರೂ ಇಂಥ ಎಷ್ಟೋ ಶೀಟುಗಳಲ್ಲಿ ಸಿಮೆಂಟಿನೊಂದಿಗೆ ಕಲ್ನಾರು ಬೆರೆತಿರುತ್ತದೆ. ಇದನ್ನೇ ಆಸ್ಬೆಸ್ಟಾಸ್ ಎನ್ನುವರು. ಕನ್ನಡದ ಹೆಸರೇ ಎಲ್ಲವನ್ನೂ ಹೇಳಿಬಿಡುತ್ತದೆ. ಇದು ಕಲ್ಲೂ ಹೌದು, ನಾರೂ ಹೌದು. ನಮ್ಮ ರಾಜ್ಯದ ಹೊಳೆನರಸೀಪುರದ ಕಡೆಯೂ ಈ ಖನಿಜ ಸಿಗುತ್ತದೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಹತ್ತಿಯಂತೆ ನೂಲಬಹುದು. ಹೀಗೆ ಕಲ್ಲನ್ನು ನೂತು ಬದುಕಿದ ಒಬ್ಬ ಹೆಣ್ಣುಮಗಳ ಕಥೆಯನ್ನು ಈಗ ನೋಡೋಣ.

ನೆಲ್ಲಿ ಕೆರ್ಶಾ ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ. 1903ರಲ್ಲಿ ಶಾಲೆ ಬಿಟ್ಟು ಹತ್ತಿ ಗಿರಣಿಗೆ ಸೇರಿದಾಗ ಆಕೆಗೆ 12 ವರ್ಷ. ಅಂದರೆ ನಿಮ್ಮ ಶಾಲೆಯ ಏಳನೇ ತರಗತಿಯ ಹುಡುಗಿಯ ವಯಸ್ಸು! ಐದೇ ತಿಂಗಳಲ್ಲಿ ಅಲ್ಲಿಂದ ಕಲ್ನಾರಿನ ಕಾರ್ಖಾನೆಗೆ ಹೋದಳು. 1917ರ ಕೊನೆಯ ದಿನ ಟರ್ನರ್ ಬ್ರದರ್ಸ್ ಎಂಬ ದೊಡ್ಡ ಕಂಪನಿಗೆ ಸೇರಿ, ಅಲ್ಲಿ ನೂಲುವ ಕೆಲಸ ಮಾಡಿದಳು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವುದನ್ನು ನೀವು ನೋಡಿರಬಹುದು. ಅಲ್ಲಿ ಗೂಡು ಬಿಸಿನೀರಿನಲ್ಲಿರುತ್ತದೆ, ಎಳೆ ಒದ್ದೆಯಾಗಿಯೇ ಬರುತ್ತದೆ. ಕಲ್ನಾರಿನ ಗಿರಣಿಯಲ್ಲಿ ಹಾಗಲ್ಲ. ಒಣಗಿದ ನಾರನ್ನು ಹಿಂಜಿ, ಬಾಚಿ, ನೂಲುವಾಗ ಕೋಣೆಯ ತುಂಬ ದೂಳು ಏಳುತ್ತಿತ್ತು. ಈ ದೂಳಿನ ಕಣಗಳು ಗಾಜಿನ ಚೂರಿನಂತೆ ಚೂಪಾಗಿವೆ, ಇವು ಅಪಾಯಕಾರಿ ಎಂದು ಲೂಸಿ ಡೀನ್ ಎಂಬ ಕಾರ್ಖಾನೆ ತನಿಖಾಧಿಕಾರಿ 1898ರಲ್ಲಿಯೇ ವರದಿ ಮಾಡಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಬರೆದ ಮಾತು ಅದು. ಆದರೂ ಗಿರಣಿಗಳು ನಡೆದೇ ನಡೆದವು.

ನೆಲ್ಲಿಗೆ ಮದುವೆಯಾಯಿತು. 1920ರಲ್ಲಿ ಮಗಳು ಹುಟ್ಟಿದಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಕೆಗೆ ಕೆಮ್ಮು, ಏದುಸಿರು ಕಾಣಿಸಿಕೊಂಡವು. ಹಾಗಿದ್ದೂ 1922ರ ಜುಲೈವರೆಗೆ ದುಡಿದಳು. ಇನ್ನು ಕೆಲಸ ಮಾಡಲಾಗದು ಎಂದು ವೈದ್ಯರು ಬರೆದುಕೊಟ್ಟರು. ಕಾಯಿಲೆಗೆ ಕಲ್ನಾರಿನ ವಿಷ ಎಂದು ಹೆಸರಿಟ್ಟರು.

ಆಗ ಆದದ್ದನ್ನು ಗಮನಿಸಿ. ಸರ್ಕಾರದ ಆರೋಗ್ಯ ವಿಮೆಯನ್ನು ಕೇಳಿದರೆ, ಇದು ಕೆಲಸದಿಂದ ಬಂದ ಕಾಯಿಲೆ, ಆದ್ದರಿಂದ ಹಣ ಕೊಡಲಾಗದು ಎಂಬ ಉತ್ತರ ಬಂತು. ಕಂಪನಿಯನ್ನು ಕೇಳಿದರೆ, ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದಿತು. ಎರಡು ಬಾಗಿಲೂ ಮುಚ್ಚಿದವು. 1924ರ ಮಾರ್ಚ್ 14ರಂದು, 33ನೇ ವಯಸ್ಸಿನಲ್ಲಿ ನೆಲ್ಲಿ ತೀರಿಕೊಂಡಳು. ಅಂತ್ಯಕ್ರಿಯೆಯ ಖರ್ಚನ್ನೂ ಕಂಪನಿ ಕೊಡಲಿಲ್ಲ. ಕೊಟ್ಟರೆ ಮುಂದೆ ಬೇರೆಯವರೂ ಕೇಳುತ್ತಾರೆಂಬ ಅಂಜಿಕೆ! ಹೆಸರಿನ ಕಲ್ಲೂ ಇಲ್ಲದ ಬಡವರ ಗುಂಡಿಯಲ್ಲಿ ಆಕೆಯನ್ನು ಹೂಳಲಾಯಿತು. ಆ ಸ್ಮಶಾನದಲ್ಲಿ ಆಕೆಯ ನೆನಪಿಗೆ ಕಲ್ಲು ನಿಂತದ್ದು 2006ರ ಏಪ್ರಿಲ್ 28ರಂದು, 82 ವರ್ಷಗಳ ನಂತರ.

ಸಾವಿನ ಕಾರಣ ತಿಳಿಯಲು ವಿಚಾರಣೆ ನಡೆಯಿತು. ಡಾ. ವಿಲಿಯಂ ಕುಕ್ ಆಕೆಯ ಶ್ವಾಸಕೋಶಗಳನ್ನು ಪರೀಕ್ಷಿಸಿದರು. ಹಿಂದೆಂದೋ ಬಂದು ಗುಣವಾದ ಕ್ಷಯದ ಗುರುತುಗಳು ಅಲ್ಲಿದ್ದವು. ಆದರೆ ಅದಕ್ಕಿಂತ ಹೆಚ್ಚಾಗಿ, ಸ್ಪಂಜಿನಂತೆ ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗಿ ನಾರುಗಟ್ಟಿತ್ತು. ಅದರೊಳಗೆ ಚೂಪಾದ ಖನಿಜ ಕಣಗಳಿದ್ದವು. ಅವನ್ನು ಕಲ್ನಾರಿನ ಮಾದರಿಗಳೊಡನೆ ಹೋಲಿಸಿ ನೋಡಿ, ಸಾವಿಗೆ ಈ ಕಣಗಳೇ ಮುಖ್ಯ ಕಾರಣವೆಂದು ಕುಕ್ ತಿಳಿಸಿದರು. ಅದೇ ವರ್ಷ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಈ ವಿಷಯವನ್ನು ಪ್ರಕಟಿಸಿದರು. 1927ರಲ್ಲಿ ಕಾಯಿಲೆಗೆ ಆಸ್ಬೆಸ್ಟಾಸಿಸ್ ಎಂಬ ಹೆಸರು ಕೊಟ್ಟರು.

ಒಳಗೆ ನಡೆಯುವುದೇನು? ಕಲ್ನಾರಿನ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಉಸಿರಿನೊಡನೆ ಶ್ವಾಸಕೋಶದ ಗಾಳಿಚೀಲಗಳ ತನಕ ಹೋಗಿಬಿಡುತ್ತದೆ. ದೇಹದ ಕಾವಲು ಕೋಶಗಳು ಅದನ್ನು ನುಂಗಲು ಬರುತ್ತವೆ. ಆದರೆ ಕಲ್ಲು ಕರಗೀತೇ? ಕೋಶಗಳೇ ಸಾಯುತ್ತವೆ, ಸುತ್ತ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ. ಕಲ್ನಾರಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಶ್ವಾಸಕೋಶದ ಹೊರಪೊರೆಗೆ ಮೀಸೋಥೀಲಿಯೋಮ ಎಂಬ ಇನ್ನೊಂದು ಕ್ಯಾನ್ಸರೂ ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗಂತೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. (ಜಲ್ಲಿ ಕ್ರಷರ್‌ಗಳ ಕಲ್ಲುದೂಳಿನಿಂದ ಬರುವ ಸಿಲಿಕೋಸಿಸ್ ಇದರ ದಾಯಾದಿ. ಕಲ್ಲುಕ್ವಾರಿಗಳಿರುವ ನಮ್ಮ ಜಿಲ್ಲೆಯವರು ಅದನ್ನೂ ತಿಳಿದಿರಬೇಕು.)

ನೆಲ್ಲಿಯ ಸಾವಿನ ನಂತರ ಬ್ರಿಟಿಷ್ ಸರ್ಕಾರ ಸುಮ್ಮನಿರಲಾಗಲಿಲ್ಲ. 363 ಕಾರ್ಮಿಕರನ್ನು ಪರೀಕ್ಷಿಸಿದಾಗ 95 ಮಂದಿಯ ಶ್ವಾಸಕೋಶ ನಾರುಗಟ್ಟಿತ್ತು. ಶೇಕಡ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಈ ವರದಿ 1930ರಲ್ಲಿ ಬಂತು. ಮರುವರ್ಷವೇ ದೂಳನ್ನು ಹೀರಿ ತೆಗೆಯುವ ಯಂತ್ರ ಮತ್ತು ವೈದ್ಯಕೀಯ ತಪಾಸಣೆಯ ನಿಯಮಗಳಾದವು. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಭಾರತದಲ್ಲಿ ಇನ್ನೂ ಬಿಳಿ ಕಲ್ನಾರನ್ನು ಹೊರದೇಶದಿಂದ ತಂದು ಶೀಟು ಮಾಡುತ್ತಾರೆ.

ಹಾಗಾದರೆ ಶೀಟಿನ ಮನೆಯಲ್ಲಿರುವವರು ಹೆದರಬೇಕೆ? ಒಡೆಯದೆ ಇರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿರುತ್ತದೆ. ಕೊರೆದಾಗ, ಗರಗಸದಿಂದ ಕತ್ತರಿಸಿದಾಗ, ಹಳೆಯದಾಗಿ ಪುಡಿಯಾದಾಗ ಅದು ಗಾಳಿಗೆ ಸೇರುತ್ತದೆ. ಆದ್ದರಿಂದ ಒಡೆದ ಚೂರುಗಳಿಂದ ಆಡಬೇಡಿ, ಅವನ್ನು ನೆಲಕ್ಕೆ ಉಜ್ಜಬೇಡಿ. ಪಟಾಕಿಯಂತೆ ಸಿಡಿಯುತ್ತದೆಂದು ಬೆಂಕಿಗಂತೂ ಹಾಕಲೇಬೇಡಿ. ಹಳೆಯ ಶೀಟು ಇಳಿಸುವಾಗ ಮೊದಲು ನೀರು ಚೆನ್ನಾಗಿ ಚಿಮುಕಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಲು ಮನೆಯ ಹಿರಿಯರಿಗೆ ಹೇಳಿ. ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ಟವಲು ಕಟ್ಟಿಕೊಂಡರೆ ಈ ಎಳೆಗಳು ನಿಲ್ಲುವುದಿಲ್ಲ. ಆ ದಿನ ಮಕ್ಕಳು ದೂರವಿರುವುದೇ ಸರಿ.

ನೆಲ್ಲಿಯ ಕಾಲದ ಪಟ್ಟಿಯಲ್ಲಿ ಇಲ್ಲದಿದ್ದ ಕಾಯಿಲೆ ನಮ್ಮ 1948ರ ಕಾರ್ಖಾನೆ ಕಾಯಿದೆಯ ಪಟ್ಟಿಗೆ ಸೇರಿತು. ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟು 1995ರ ಜನವರಿ 27ರಂದು ಆದೇಶಿಸಿತು. ಅಷ್ಟು ದೀರ್ಘ ಕಾಲ ಏಕೆಂದರೆ, ಇಂದು ಉಸಿರಿನೊಡನೆ ಒಳಹೋದ ಎಳೆ ಕಾಯಿಲೆಯಾಗಿ ಹೊರಬೀಳಲು ಕೆಲವೊಮ್ಮೆ ಅಷ್ಟೇ ವರ್ಷಗಳು ಹಿಡಿಯುತ್ತವೆ.