ಕವಿಗಳ ಲೆಕ್ಕ ಬರೆದಿಟ್ಟ ಆರ್. ನರಸಿಂಹಾಚಾರ್ಯರು

ಪಂಪ, ರನ್ನ, ಜನ್ನ, ಹರಿಹರ, ಲಕ್ಷ್ಮೀಶ ಇವರ ಹೆಸರನ್ನು ನಾವೆಲ್ಲ ಕನ್ನಡ ಪಾಠದಲ್ಲಿ ಓದಿದ್ದೇವೆ. ಪದ್ಯದ ಜೊತೆಗೆ ಕವಿ ಪರಿಚಯ ಅಂತ ನಾಲ್ಕು ಸಾಲು ಇರುತ್ತೆ. ಕವಿಯ ಕಾಲ, ಊರು, ಆಶ್ರಯ ಕೊಟ್ಟ ರಾಜ, ಬರೆದ ಗ್ರಂಥಗಳು. ಪರೀಕ್ಷೆಯಲ್ಲಿ ಕೇಳ್ತಾರೆ ಅಂತ ಅದನ್ನು ಬಾಯಿಪಾಠ ಮಾಡ್ತೇವೆ. ಆದರೆ ಸಾವಿರ ವರ್ಷದ ಹಿಂದಿನವರ ಊರು, ಕಾಲ ಇದೆಲ್ಲ ಯಾರಿಗೆ, ಹೇಗೆ ಗೊತ್ತಾಯಿತು ಅಂತ ಯೋಚಿಸಿದವರು ಕಡಿಮೆ. ಆ ನಾಲ್ಕು ಸಾಲಿನ ಹಿಂದೆ ಒಬ್ಬ ಮಹನೀಯರ ಅರ್ಧ ಆಯುಷ್ಯವೇ ಇದೆ. ಅವರೇ ಪ್ರಾಕ್ತನ ವಿಮರ್ಶ ವಿಚಕ್ಷಣ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು. ಹೆಸರಿನ ಮುಂದಿನ ಬಿರುದು ನೋಡಿ ಹೆದರಬೇಡಿ. ಹಳೆಯ ಕಾಲದ ವಿಷಯಗಳನ್ನು ಪರೀಕ್ಷೆ ಮಾಡುವುದರಲ್ಲಿ ಜಾಣರು ಅಂತ ಅದರ ಅರ್ಥ. ಮೈಸೂರು ಮಹಾರಾಜರು ಕೊಟ್ಟದ್ದು.

ನರಸಿಂಹಾಚಾರ್ಯರು ಹುಟ್ಟಿದ್ದು 1860ರಲ್ಲಿ, ಈಗಿನ ಮಂಡ್ಯ ಜಿಲ್ಲೆಗೆ ಸೇರಿದ ಕೊಪ್ಪಲು ಎಂಬ ಗ್ರಾಮದಲ್ಲಿ. ನಮ್ಮ ಹಾಗೇ ಹಳ್ಳಿಯಿಂದ ಬಂದವರು. ಕನ್ನಡ ವಿಷಯದಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದರು. ಆ ಕಾಲಕ್ಕೆ ಇದು ದೊಡ್ಡ ಮಾತು, ಕನ್ನಡದಲ್ಲಿ ಎಂ.ಎ. ಮಾಡಿದವರೇ ಇರಲಿಲ್ಲ. ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿ ಆಮೇಲೆ ಮೈಸೂರು ಸಂಸ್ಥಾನದ ಶಾಸನ ಇಲಾಖೆಗೆ ಹೋದರು. ಅಲ್ಲಿ ಬಿ.ಎಲ್. ರೈಸ್ ಸಾಹೇಬರ ಕೈಕೆಳಗೆ ಇದ್ದರು.

ರೈಸ್ ಸಾಹೇಬರ ವಿಷಯ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯ ಮೊಳಕಾಲ್ಮೂರು ಕಡೆ ಅಶೋಕನ ಶಾಸನಗಳನ್ನು 1892ರಲ್ಲಿ ಪತ್ತೆ ಮಾಡಿದವರು ಅವರೇ. ಸಂಸ್ಥಾನದ ಕಲ್ಲು, ತಾಮ್ರದ ಬರಹಗಳನ್ನೆಲ್ಲ ಜಿಲ್ಲೆವಾರು ಪುಸ್ತಕ ಮಾಡಿಸಿದರು. ಹನ್ನೊಂದನೆಯ ಸಂಪುಟ ನಮ್ಮ ಚಿತ್ರದುರ್ಗದ್ದು, 1903ರಲ್ಲಿ ಬಂತು. ಅದರಲ್ಲಿ ಹೊಳಲ್ಕೆರೆ ತಾಲ್ಲೂಕಿಗೇ ಬೇರೆ ನಂಬರುಗಳಿವೆ. ನಾವು ದನ ಕಟ್ಟಿ, ಬಟ್ಟೆ ಒಣಗಹಾಕುವಂಥ ಕಲ್ಲಿಗೂ ಪುಸ್ತಕದಲ್ಲಿ ಒಂದು ನಂಬರು ಇರಬಹುದು! 1906ರಲ್ಲಿ ರೈಸ್ ನಿವೃತ್ತರಾದಾಗ ನರಸಿಂಹಾಚಾರ್ಯರೇ ಇಲಾಖೆಯ ಮುಖ್ಯಸ್ಥರಾದರು. 1922ರವರೆಗೆ ಆ ಹುದ್ದೆಯಲ್ಲಿ ಊರೂರು ಸುತ್ತಿದರು. ಶ್ರವಣಬೆಳಗೊಳದಲ್ಲಿ ರೈಸ್ 1889ರಲ್ಲಿ ಅಚ್ಚು ಮಾಡಿಸಿದ್ದು 144 ಶಾಸನ. ಇವರು ಮತ್ತೆ ಹುಡುಕಿ 1923ರ ಪುಸ್ತಕದಲ್ಲಿ 500 ಕೊಟ್ಟರು. ಒಂದೇ ಊರು, ಅದೇ ಬೆಟ್ಟ. ಹುಡುಕುವ ಕಣ್ಣು ಅಂದರೆ ಇದು.

ಆದರೆ ಅವರ ಹೆಸರು ಉಳಿದಿರುವುದು ಕರ್ಣಾಟಕ ಕವಿಚರಿತೆ ಎಂಬ ಮೂರು ಸಂಪುಟಗಳಿಂದ.

ಆಗ ಕನ್ನಡದ ಹಳೆಯ ಗ್ರಂಥಗಳಲ್ಲಿ ಅಚ್ಚಾಗಿದ್ದವು ಸ್ವಲ್ಪವೇ. ಮಿಕ್ಕವೆಲ್ಲ ಓಲೆಗರಿಯಲ್ಲಿ ಇದ್ದವು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಗೀರಿ ಬರೆದು, ಕಪ್ಪು ಸವರಿ, ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆ ನಡುವೆ ಕಟ್ಟಿ ಇಡುತ್ತಿದ್ದರು. ಪದಕ್ಕೂ ಪದಕ್ಕೂ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಬಳಪದಲ್ಲಿ ಬರೆಯುವ ಕಡತಗಳೂ ಇದ್ದವು. ಈ ಗಂಟುಗಳು ಮಠದಲ್ಲಿ, ಬಸದಿಯಲ್ಲಿ, ಮನೆಯ ಅಟ್ಟದ ಮೇಲೆ ಇರುತ್ತಿದ್ದವು. ಎಷ್ಟೋ ಮನೆಗಳಲ್ಲಿ ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದರೇ ಹೊರತು ಬಿಚ್ಚಿ ಓದುವವರು ಇರಲಿಲ್ಲ. ಗೆದ್ದಲು ತಿಂದದ್ದೆಷ್ಟೋ, ಹೊಳೆಗೆ ಬಿಟ್ಟದ್ದೆಷ್ಟೋ. ಒಂದು ಗಂಟು ಹೋದರೆ ಒಬ್ಬ ಕವಿಯೇ ಹೋದ ಹಾಗೆ, ಯಾಕೆಂದರೆ ಅದಕ್ಕೆ ಇನ್ನೊಂದು ಪ್ರತಿ ಇಲ್ಲದೆಯೂ ಇರಬಹುದು. ನಮ್ಮೂರಲ್ಲೂ ಯಾರ ಮನೆ ಅಟ್ಟದ ಮೇಲಾದರೂ ಇಂಥ ಗಂಟು ಇದ್ದರೆ ದಯವಿಟ್ಟು ಮೇಷ್ಟ್ರಿಗೆ ತಿಳಿಸಿ.

ಇಂಥ ಗ್ರಂಥಗಳನ್ನು ಓದಿ ನರಸಿಂಹಾಚಾರ್ಯರು ಪಟ್ಟಿ ಮಾಡತೊಡಗಿದರು. ಮೊದಲ ಸಂಪುಟಕ್ಕೆ ಎಸ್.ಜಿ. ನರಸಿಂಹಾಚಾರ್ಯರು ಎಂಬ ಇನ್ನೊಬ್ಬ ವಿದ್ವಾಂಸರು ಜೊತೆಗಿದ್ದರು. ಹೆಸರು ಒಂದೇ, ಗೊಂದಲ ಮಾಡಿಕೊಳ್ಳಬಾರದು. ಅದು 1907ರಲ್ಲಿ ಹೊರಬಂತು, ಆ ವರ್ಷವೇ ಎಸ್.ಜಿ. ಅವರು ತೀರಿಕೊಂಡರು. ಮುಂದಿನ ಕೆಲಸ ಇವರೊಬ್ಬರ ಹೆಗಲಿಗೇ ಬಿತ್ತು. ಎರಡನೆಯ ಸಂಪುಟ 1919ರಲ್ಲಿ, ಮೂರನೆಯದು 1929ರಲ್ಲಿ. ನಡುವೆ 1924ರಲ್ಲಿ ಮೊದಲ ಸಂಪುಟವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಮೂರನೆಯದು ಬರುವಾಗ ಅವರಿಗೆ 69 ವರ್ಷ. ಒಟ್ಟು ಸಾವಿರಕ್ಕೂ ಮಿಕ್ಕಿ ಕವಿಗಳು ಸೇರಿದರು.

ಲೈಬ್ರರಿ ಪಟ್ಟಿಯಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು, ಬೆಲೆ ಇದ್ದರೆ ಆಯಿತು. ಕವಿಚರಿತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕವಿಯ ಕಾಲ ಯಾವುದು, ಅದು ಹೇಗೆ ಗೊತ್ತಾಯಿತು, ತಂದೆ ಯಾರು, ಗುರು ಯಾರು, ಯಾವ ಮತ, ಏನೇನು ಬರೆದ ಎಂದು ಹೇಳಿ, ಕೊನೆಗೆ ಅವನ ಗ್ರಂಥದಿಂದ ಒಂದಿಷ್ಟು ಪದ್ಯ ಕೊಡುತ್ತದೆ. ಕಾಲ ಹಿಡಿಯುವ ಕೆಲಸ ಪೋಲೀಸರ ಪತ್ತೆ ಕೆಲಸದ ಹಾಗೆ. ಕೆಲವು ಕವಿಗಳು ತಾವೇ ವರ್ಷ ಹೇಳಿದ್ದಾರೆ. ಪಂಪ ಆದಿಪುರಾಣವನ್ನು ಶಕ 863ರಲ್ಲಿ ಮುಗಿಸಿದ. ಅದಕ್ಕೆ 78 ಕೂಡಿಸಿ, ಕ್ರಿ.ಶ. 941 ಆಯಿತು. ವರ್ಷ ಹೇಳದವರ ಗತಿ? ಅವನು ಯಾವ ಹಿಂದಿನ ಕವಿಯನ್ನು ಹೊಗಳಿದ್ದಾನೆ ನೋಡಬೇಕು, ಅವನಿಗಿಂತ ಇವನು ಈಚೆಯವನು. ಇವನ ಪದ್ಯವನ್ನು ಯಾವ ವ್ಯಾಕರಣದಲ್ಲಿ ಉದಾಹರಣೆ ಕೊಟ್ಟಿದ್ದಾರೆ ನೋಡಬೇಕು, ಅದಕ್ಕಿಂತ ಇವನು ಹಿಂದಿನವನು. ಅವನ ರಾಜನ ಹೆಸರು ಶಾಸನದಲ್ಲಿ ಸಿಕ್ಕರೆ ಇನ್ನೂ ಗಟ್ಟಿ. ಕಲ್ಲೂ ಓಲೆಗರಿಯೂ ಎರಡನ್ನೂ ಓದಬಲ್ಲವರಾದ್ದರಿಂದ ಈ ಕೆಲಸ ಇವರಿಗೆ ಒಗ್ಗಿತು. ಇವರು ಹಾಕಿದ ಕೆಲವು ಕಾಲಗಳನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ, ನಿಜ. ಆದರೆ ತಿದ್ದುವುದಕ್ಕೆ ಮೊದಲು ಒಬ್ಬರು ಬರೆದಿರಬೇಕಲ್ಲ.

ನನಗೆ ತುಂಬಾ ಹಿಡಿಸಿದ್ದು ಏನೆಂದರೆ, ಇವರು ದೊಡ್ಡ ಕವಿಗಳನ್ನು ಮಾತ್ರ ಆರಿಸಿಕೊಳ್ಳಲಿಲ್ಲ. ಲೆಕ್ಕದ ಪುಸ್ತಕ ಬರೆದ ರಾಜಾದಿತ್ಯ ಇದ್ದಾನೆ. ದನಗಳ ಔಷಧಿಗೆ ಗೋವೈದ್ಯ ಬರೆದ ಕೀರ್ತಿವರ್ಮ ಇದ್ದಾನೆ. ಅಡಿಗೆ ಮಾಡುವುದನ್ನು ಪದ್ಯದಲ್ಲಿ ಹೇಳಿದ ಮಂಗರಸ ಇದ್ದಾನೆ. ಅರಮನೆಯಲ್ಲಿ ಸೇವೆಗಿದ್ದು ಹದಿಬದೆಯ ಧರ್ಮ ಬರೆದ ಸಂಚಿಯ ಹೊನ್ನಮ್ಮ ಇದ್ದಾಳೆ. ಜೈನರು, ವೀರಶೈವರು, ಬ್ರಾಹ್ಮಣರು ಎಲ್ಲರೂ ಕಾಲದ ಕ್ರಮದಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಈ ನಡುವೆ 1918ರಲ್ಲಿ ಧಾರವಾಡದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಇವರೇ ಅಧ್ಯಕ್ಷರು. ಶಾಸನಗಳಲ್ಲಿರುವ ಕನ್ನಡ ಪದ್ಯಗಳನ್ನು ಆರಿಸಿ ಶಾಸನ ಪದ್ಯಮಂಜರಿ ಎಂಬ ಪುಸ್ತಕವನ್ನೂ ಮಾಡಿದರು. ಸೋಮನಾಥಪುರ, ಬೇಲೂರು ದೇವಾಲಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. 1936ರಲ್ಲಿ ತೀರಿಕೊಂಡರು.

ಪುಸ್ತಕ ಸಿಗದೆ ಬರಿ ಹೆಸರು ಮಾತ್ರ ಸಿಕ್ಕ ಕವಿಗಳನ್ನೂ ಅವರು ಬಿಡಲಿಲ್ಲ. ಕವಿರಾಜಮಾರ್ಗದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ಹೆಸರು ಬರುತ್ತವೆ. ಇವರು ಬರೆದ ಕನ್ನಡ ಗ್ರಂಥ ಒಂದೂ ಸಿಕ್ಕಿಲ್ಲ, ಆದರೂ ಪಟ್ಟಿಯಲ್ಲಿ ಜಾಗ ಇದೆ. ಪೊನ್ನನ ಭುವನೈಕ ರಾಮಾಭ್ಯುದಯ, ರನ್ನನ ಪರಶುರಾಮಚರಿತ ಇವೂ ಹಾಗೆಯೇ. ಹೆಸರು ಬರೆದಿದೆ, ಪುಸ್ತಕ ಇನ್ನೂ ಸಿಕ್ಕಿಲ್ಲ.